ಹೊರದೇಶದ ಬೋರ್ಡ್ ಗೇಮ್ ಪ್ರಶಸ್ತಿಗೆ ದುಡ್ಡು ಕಟ್ಟಿ ಅರ್ಜಿ ಹಾಕಬೇಕಾ?

ಕಾಫಿಕಣ_ಹಾಸನ:

ನಾನು, ನನ್ನ ಗೆಳೆಯ ಸೇರಿ ಕಾಫಿ ತೋಟದ ಮೇಲೆ ಒಂದು ಬೋರ್ಡ್ ಗೇಮ್ ಮಾಡಿದ್ದೇವೆ. ಹೂಮಳೆ ಸರಿಯಾದ ಹೊತ್ತಿಗೆ ಬಂದರೆ ಒಳ್ಳೆ ಫಸಲು, ಬರದಿದ್ದರೆ ಸ್ಪ್ರಿಂಕ್ಲರ್‌ಗೆ ದುಡ್ಡು ಸುರಿಯಬೇಕು, ಕೊಯ್ಲಿಗೆ ಆಳು ಸಿಗಲ್ಲ, ಆನೆ ಕಾರ್ಡ್ ಬಂದರೆ ಒಂದು ಸಾಲು ಗಿಡವೇ ಹೋಯಿತು. ಶಿವಕಾಶಿಯಲ್ಲಿ 500 ಪೆಟ್ಟಿಗೆ ಮಾಡಿಸಿದ್ದೆವು. ಅರ್ಧಕ್ಕಿಂತ ಜಾಸ್ತಿ ಖರ್ಚಾಗಿವೆ, ಹೆಚ್ಚಿನವು ಬೆಂಗಳೂರಿನ ಗೇಮ್ ಕೆಫೆಗಳಿಗೆ, ಉಳಿದದ್ದು ಸಕಲೇಶಪುರ ಕಡೆಯ ಪರಿಚಯದವರಿಗೆ.

ಈಗ ಗೆಳೆಯನಿಗೆ ಪ್ರಶಸ್ತಿಯ ಹುಚ್ಚು ಹಿಡಿದಿದೆ. ಹೊರದೇಶದ ಒಂದು ಪ್ರಶಸ್ತಿಗೆ ಪ್ರವೇಶ ಶುಲ್ಕ ಕಟ್ಟಬೇಕು, ತೀರ್ಪುಗಾರರಿಗೆ ಪೆಟ್ಟಿಗೆಗಳನ್ನು ನಾವೇ ಕೊರಿಯರ್ ಮಾಡಬೇಕು. ಎಲ್ಲ ಸೇರಿದರೆ ಎರಡನೇ ಮುದ್ರಣಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಪೆಟ್ಟಿಗೆ ಮೇಲೆ ಒಂದು ಮುದ್ರೆ ಬಿದ್ದರೆ ಸಾಕು, ಆಮೇಲೆ ಅದೇ ಮಾರಿಕೊಡುತ್ತದೆ ಅಂತ ಅವನ ವಾದ. ನಮ್ಮಂಥ ಸಣ್ಣವರಿಗೆ ಇದರಿಂದ ನಿಜವಾಗಿ ಏನಾದರೂ ಗಿಟ್ಟುತ್ತದಾ? ತಿಳಿದವರು ಹೇಳಿ.

ಮೀಪಲ್_ಮೂಡಿಗೆರೆ:

ಯಾವ ಪ್ರಶಸ್ತಿ ಅಂತ ಮೊದಲು ಹೇಳಿ ಗುರು. ನಿಮ್ಮ ಗೆಳೆಯ ಬಹುಶಃ ಜರ್ಮನಿಯ ಸ್ಪೀಲ್ ಡೆಸ್ ಯಾರೆಸ್ ಕಥೆ ಕೇಳಿ ತಲೆಗೆ ಹಚ್ಚಿಕೊಂಡಿರಬೇಕು. ಅದು ವರ್ಷದ ಒಳ್ಳೆ ಆಟಕ್ಕೆ ಅಂತ 1979ರಿಂದ ಕೊಡುತ್ತಿರುವ ಪ್ರಶಸ್ತಿ. ಬಹುಮಾನದ ಹಣ ಅಂತ ಒಂದು ಪೈಸೆ ಇಲ್ಲ. ತಮಾಷೆ ಏನಪ್ಪಾ ಅಂದರೆ ಗೆದ್ದ ಪ್ರಕಾಶಕರೇ ಆ ಗುರುತನ್ನು ಪೆಟ್ಟಿಗೆ ಮೇಲೆ ಹಾಕಿಕೊಳ್ಳೋದಕ್ಕೆ ಶುಲ್ಕ ಕಟ್ಟುತ್ತಾರೆ! ಆದರೂ ಯಾರೂ ಬೇಡ ಅನ್ನಲ್ಲ. ಗೆದ್ದ ಆಟ ಲಕ್ಷಗಟ್ಟಲೆ ಪ್ರತಿ ಹೋಗುತ್ತದೆ. ಕ್ಯಾಟಾನ್ ಗೆದ್ದದ್ದು 1995ರಲ್ಲಿ, ಕಾರ್ಕಸೋನ್ 2001ರಲ್ಲಿ, ಎರಡೂ ಇವತ್ತಿಗೂ ಅಂಗಡಿಯಲ್ಲಿವೆ.

ಆದರೆ ಮಾರುವುದು ಮುದ್ರೆ ಅಲ್ಲ, ಆ ಮುದ್ರೆಯನ್ನು ಗುರುತಿಸುವ ಜನ. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅಜ್ಜ ಅಜ್ಜಿಯರು ಅಂಗಡಿಗೆ ಹೋಗಿ, ಒಳಗೇನಿದೆ ಅಂತಲೂ ನೋಡದೆ, ಆ ಪ್ರಶಸ್ತಿಯ ಮುದ್ರೆಯಾದ ಕೆಂಪು ಆಟದ ಕಾಯಿಯ ಗುರುತು ಇರುವ ಪೆಟ್ಟಿಗೆ ಎತ್ತಿಕೊಂಡು ಬರುತ್ತಾರೆ. ತೀರ್ಪುಗಾರರು ಪತ್ರಕರ್ತರು, ವಿಮರ್ಶಕರು, ಆಟ ಮಾಡಿ ಮಾರುವವರಿಗೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಇಷ್ಟು ವರ್ಷದಲ್ಲಿ ನಂಬಿಕೆ ಕೂತಿದೆ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಅದೇ ಮುದ್ರೆ ತೋರಿಸಿದರೆ ಹೊಸ ಬಿಸ್ಕತ್ ಕಂಪನಿಯಾ ಅಂತ ಕೇಳುತ್ತಾರೆ.

ಇನ್ನೊಂದು ವಿಷಯ. ಜರ್ಮನ್ ಮಾರುಕಟ್ಟೆಯಲ್ಲಿ ಸಿಗುವ ಆಟಗಳನ್ನಷ್ಟೇ ಅವರು ನೋಡುತ್ತಾರೆ. 2022ರಲ್ಲಿ ಗೆದ್ದ ಕ್ಯಾಸ್ಕೇಡಿಯಾ ಮೂಲದಲ್ಲಿ ಅಮೆರಿಕದ್ದು, 2024ರ ಸ್ಕೈ ಟೀಮ್ ಕೆನಡಾದ ಪ್ರಕಾಶಕರದ್ದು. ಎರಡನ್ನೂ ಜರ್ಮನ್ ಭಾಷೆಯಲ್ಲಿ ತಂದದ್ದು ಕೊಸ್ಮೊಸ್ ಅನ್ನುವ ದೊಡ್ಡ ಕಂಪನಿ. ಅಂದರೆ ಮೊದಲು ಅಲ್ಲೊಬ್ಬ ಪಾಲುದಾರ ಸಿಗಬೇಕು, ಪ್ರಶಸ್ತಿಯ ಮಾತು ಆಮೇಲೆ.

ದಾಯ_ಬಿತ್ತು:

ಮೇಲಿನವರು ಹೇಳಿದ್ದು ಸರಿ, ಆದರೆ ಪೂರ್ತಿ ಒಪ್ಪಲ್ಲ. ನಾನು ರೋಲ್ ಪ್ಲೇಯಿಂಗ್ ಆಟಗಳ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಕಥೆ ಕಟ್ಟುತ್ತಾ ಆಡುವ ಆಟಗಳ ಕಡೆಯವನು. ನಮ್ಮಲ್ಲಿ ಎನ್ನೀಸ್ ಅಂತ ಒಂದು ಪ್ರಶಸ್ತಿ ಇದೆ, 2001ರಿಂದ. ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ನಡೆಯುವ ಜೆನ್ ಕಾನ್ ಅನ್ನುವ ಆಟಗಳ ಮೇಳದಲ್ಲಿ ಕೊಡುತ್ತಾರೆ. ಪ್ರಕಾಶಕರೇ ತಮ್ಮ ಆಟದ ಪುಸ್ತಕ ಕಳಿಸಬೇಕು. ತೀರ್ಪುಗಾರರು ಸೋಸಿ ಒಂದು ಪಟ್ಟಿ ಮಾಡುತ್ತಾರೆ, ಆಮೇಲೆ ಜನ ಆನ್‌ಲೈನ್‌ನಲ್ಲಿ ಓಟು ಹಾಕುತ್ತಾರೆ. ಓಟು ಅಂದ ಮೇಲೆ ಗೊತ್ತಲ್ಲ, ಯಾರ ಹಿಂದೆ ಜನ ಜಾಸ್ತಿ ಇದ್ದಾರೋ ಅವರಿಗೆ ಅನುಕೂಲ. ಸಣ್ಣವರು ಅಲ್ಲಿ ಹಿಂದೆ ಬೀಳುತ್ತಾರೆ. ಆದರೆ ಆ ಮೊದಲ ಪಟ್ಟಿ ಇದೆಯಲ್ಲ, ನನ್ನ ಪ್ರಕಾರ ಸಣ್ಣವರಿಗೆ ಸಿಗುವ ಲಾಭ ಅಲ್ಲೇ. ಓದಿ, ಅಳೆದು ನೋಡಿದವರು ನಿಮ್ಮ ಕೆಲಸವನ್ನು ಆರಿಸಿದರು ಅಂತ ಆಯಿತು. ನಾಳೆ ಒಬ್ಬ ವಿತರಕನಿಗೆ ಮೇಲ್ ಬರೆದರೆ ಅವನು ತೆರೆದು ನೋಡುತ್ತಾನೆ. ಜರ್ಮನ್ ಪ್ರಶಸ್ತಿಯಲ್ಲೂ ಗೆದ್ದವರ ಜೊತೆಗೆ ಶಿಫಾರಸು ಪಟ್ಟಿ ಅಂತ ಇರುತ್ತದೆ, ಅದೂ ಇದೇ ಥರ ಕೆಲಸಕ್ಕೆ ಬರುತ್ತದೆ.

ಶುಲ್ಕ ಇದೆ ಅಂದ ಮಾತ್ರಕ್ಕೆ ಮೋಸ ಅಂತಲೂ ಅಲ್ಲ. ಅಮೆರಿಕದ ಮೆನ್ಸಾ ಅನ್ನುವ ಬುದ್ಧಿವಂತರ ಸಂಘದವರೂ ತಮ್ಮ ಆಟದ ಪ್ರಶಸ್ತಿಗೆ ಶುಲ್ಕ ತಗೊಳ್ಳುತ್ತಾರೆ, ಆದರೆ ಸದಸ್ಯರು ಒಂದು ವಾರಾಂತ್ಯ ಪೂರ್ತಿ ಕೂತು ನಿಜವಾಗಿ ಆಡುತ್ತಾರೆ. ನೀವು ಕೇಳಬೇಕಾದದ್ದು ಇಷ್ಟೇ: ಯಾರು ಆಡಿ ನೋಡುತ್ತಾರೆ, ಹೆಸರು ಹೊರಗೆ ಹೇಳುತ್ತಾರಾ, ಎಷ್ಟು ಅರ್ಜಿಗೆ ಎಷ್ಟು ಪ್ರಶಸ್ತಿ, ಗೆದ್ದ ಮೇಲೆ ಮುದ್ರೆಗೆ ಮತ್ತೆ ದುಡ್ಡು ಕೇಳುತ್ತಾರಾ. ಅರ್ಜಿ ಹಾಕಿದವರಿಗೆಲ್ಲ ಚಿನ್ನ, ಬೆಳ್ಳಿ ಹಂಚುವ ಕಡೆ ಸುಮ್ನೆ ಹೋಗಬೇಡಿ.

ಬಿಎಂರೋಡ್_ಅಂಗಡಿ:

ಹಾಸನದಲ್ಲೇ ಆಟಿಕೆ ಅಂಗಡಿ ಇಟ್ಟಿದ್ದೇನೆ. ನನ್ನ ಗಿರಾಕಿಗಳು ಇವತ್ತಿನವರೆಗೂ ಕೇಳಿದ ಒಂದೇ ಮುದ್ರೆ ಐಎಸ್‌ಐ. ಅದೂ ಪೊಲೀಸ್ ಕೇಳಿದ ಹಾಗೆ ಕೇಳುತ್ತಾರೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ನಿಮ್ಮ ಪೆಟ್ಟಿಗೆ ಮೇಲೆ ಎಷ್ಟು ವಯಸ್ಸು ಅಂತ ಹಾಕಿದ್ದೀರಿ?

ಕಾಫಿಕಣ_ಹಾಸನ:

14+ ಅಂತ ಹಾಕಿದ್ದೇವೆ ಅಣ್ಣ. ಆಟ ಸ್ವಲ್ಪ ಲೆಕ್ಕಾಚಾರದ್ದು.

ಬಿಎಂರೋಡ್_ಅಂಗಡಿ:

ಹಾಗಾದರೆ ಕಾನೂನಿನ ತಲೆನೋವಿಲ್ಲ, ಗಿರಾಕಿಯದ್ದಿದೆ. ನನ್ನ ಹತ್ತಿರ ಬರುವವರೆಲ್ಲ ಎಂಟು ಹತ್ತು ವರ್ಷದ ಮಕ್ಕಳ ಹುಟ್ಟುಹಬ್ಬಕ್ಕೆ ಬರುವವರು, 14+ ನೋಡಿದ ತಕ್ಷಣ ವಾಪಸ್ ಇಡುತ್ತಾರೆ. ಪ್ರಶಸ್ತಿಗೆ ಹಾಕುವ ದುಡ್ಡಲ್ಲಿ ಮಕ್ಕಳೂ ಆಡುವ ಒಂದು ಚಿಕ್ಕ ಆವೃತ್ತಿ ಮಾಡಿ, ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿ. ನಾನೇ ಇಟ್ಟುಕೊಳ್ಳುತ್ತೇನೆ. ಇಲ್ಲಾಂದರೆ ಹಾಸನಾಂಬ ದರ್ಶನದ ಕ್ಯೂನಲ್ಲಿ ಮಾರಿ, ಗಂಟೆಗಟ್ಟಲೆ ನಿಂತಿರುತ್ತಾರೆ, ಎರಡು ಆಟ ಮುಗಿಯುತ್ತದೆ 😄

ಮಳೆಗಾಲದ_ಮನೆ:

ಚಿಕ್ಕಮಗಳೂರಿನ ಹತ್ತಿರ ಹೋಂಸ್ಟೇ ನಮ್ಮದು. ಜುಲೈನಲ್ಲಿ ಬರುವ ಅತಿಥಿಗಳು ಮುಳ್ಳಯ್ಯನಗಿರಿ ಹತ್ತಬೇಕು ಅಂತ ಬರುತ್ತಾರೆ, ಮಂಜು ಮಳೆ ನೋಡಿ ಒಳಗೇ ಕೂರುತ್ತಾರೆ. ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಆಗ ಚೌಕಾಬಾರ, ಅಳಗುಳಿ ಮಣೆ, ಇಸ್ಪೀಟು ಎಲ್ಲ ಹೊರಗೆ ಬರುತ್ತವೆ. ಕಾಫಿ ತೋಟದ ಆಟ ಅಂದರೆ ನಾನು ಇವತ್ತೇ ತಗೊಳ್ಳುತ್ತೇನೆ, ಪ್ರಶಸ್ತಿ ಬಂದಿದೆಯಾ ಅಂತ ಯಾವ ಅತಿಥಿಯೂ ಕೇಳಲ್ಲ. ನನ್ನ ಪ್ರಶ್ನೆ ಬೇರೆ. ಕಾರ್ಡು ನಮ್ಮ ಥಂಡಿಗೆ ತಡೆಯುತ್ತದಾ? ಹಿಂದೆ ತಂದ ಒಂದು ಆಟದ ಕಾರ್ಡೆಲ್ಲ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಬಾಗಿದವು, ಪೆಟ್ಟಿಗೆಗೆ ಬೂಷ್ಟು ಬಂತು. ನಿಯಮ ಕನ್ನಡದಲ್ಲೂ ಇದೆಯಾ?

ಮೀಪಲ್_ಮೂಡಿಗೆರೆ:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಪ್ಪಿತಪ್ಪಿ ಗೆದ್ದರೆ ಪೆಟ್ಟಿಗೆ ಎಲ್ಲಿಂದ ತರುತ್ತೀರಿ? 2019ರಲ್ಲಿ ವಿಂಗ್‌ಸ್ಪ್ಯಾನ್ ಅನ್ನುವ ಆಟ ಬಂದಾಗ ಬೇಡಿಕೆ ತಡೆಯಲಾಗದೆ ಸ್ಟಾಕ್ ಖಾಲಿ ಆಗಿ ಜನ ಬೈಯ್ದಿದ್ದರು, ಅದೂ ಜರ್ಮನಿಯ ಕೆನ್ನರ್‌ಸ್ಪೀಲ್ ಪ್ರಶಸ್ತಿ (ಅದೇ ಜರ್ಮನಿಯವರು ಅನುಭವಿ ಆಟಗಾರರ ಆಟಕ್ಕೆ ಕೊಡೋದು) ಬರೋದಕ್ಕೆ ಮುಂಚೆ, ಬರೀ ವಿಮರ್ಶೆ ಮತ್ತು ಬಾಯಿಮಾತಿನಿಂದ. ಅದರ ಪ್ರಕಾಶಕರಾದ ಸ್ಟೋನ್‌ಮೇಯರ್ ಮತ್ತೆ ಮತ್ತೆ ಮುದ್ರಿಸಿ ಸುಧಾರಿಸಿಕೊಂಡರು. 2021ರಲ್ಲಿ ಸ್ಪೀಲ್ ಡೆಸ್ ಯಾರೆಸ್ ಗೆದ್ದ ಮೈಕ್ರೋಮ್ಯಾಕ್ರೋ ಸಣ್ಣ ಪ್ರಕಾಶನದ್ದು, ಆದರೆ ಅವರ ಬೆನ್ನಿಗೆ ಪೆಗಾಸಸ್ ಅನ್ನುವ ದೊಡ್ಡ ವಿತರಕರು ಇದ್ದರು. ನಿಮ್ಮ ಬೆನ್ನಿಗೆ ಯಾರಿದ್ದಾರೆ? ಸ್ಟಾಕ್ ಇಲ್ಲದೆ ಹೆಸರು ಬಂದರೆ ಆ ಹೆಸರು ಆರು ತಿಂಗಳಲ್ಲಿ ಆರಿಹೋಗುತ್ತದೆ.

ಕಾಫಿಕಣ_ಹಾಸನ:

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಈ ಥ್ರೆಡ್ ಕಳಿಸಿದೆ. "ಶಿಫಾರಸು ಪಟ್ಟಿ" ಅನ್ನುವ ಒಂದೇ ಮಾತು ಹಿಡಿದುಕೊಂಡು ಕೂತಿದ್ದಾನೆ, ಅದು ಬೇರೆ ಕಥೆ. ದಾಯ ಅವರು ಹೇಳಿದ ನಾಲ್ಕು ಪ್ರಶ್ನೆ ಆ ಪ್ರಶಸ್ತಿಯವರಿಗೆ ಬರೆದು ಕೇಳುತ್ತೇವೆ, ಉತ್ತರ ಏನೇ ಬರಲಿ ಈ ವರ್ಷ ದುಡ್ಡು ಎರಡನೇ ಮುದ್ರಣಕ್ಕೇ. ಅಂಗಡಿ ಅಣ್ಣ, ಚಿಕ್ಕ ಆವೃತ್ತಿ ವಿಷಯ ಭಾನುವಾರ ಬಂದು ಮಾತಾಡುತ್ತೇನೆ.

ಮೇಡಂ, ನಿಯಮ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಕಾರ್ಡಿಗೆ ಲ್ಯಾಮಿನೇಷನ್ ಇದೆ, ಬೋರ್ಡಿಗೆ ಇಲ್ಲ. ಒಂದು ಪೆಟ್ಟಿಗೆ ಕಳಿಸುತ್ತೇನೆ, ದುಡ್ಡು ಬೇಡ, ಈ ಮಳೆಗಾಲ ಪೂರ್ತಿ ಅತಿಥಿಗಳ ಕೈಗೆ ಕೊಟ್ಟು ಸೆಪ್ಟೆಂಬರ್‌ನಲ್ಲಿ ಅದರ ಫೋಟೋ ಹಾಕಿ. ಬೋರ್ಡ್ ಬಾಗಿದ್ದರೆ ಎರಡನೇ ಮುದ್ರಣದಲ್ಲಿ ರಟ್ಟು ಬದಲಾಯಿಸುತ್ತೇವೆ.