ಕಲ್ಲಿನ ಕನ್ನಡಕ, ಮೆತ್ತಗಿನ ಮೂಗು

ಸೀನನ ಹೊಸ ಹುಚ್ಚು ಕಲ್ಲಿನ ಕನ್ನಡಕ. ಫ್ರೇಮ್ ಅಪ್ಪಟ ಕಲ್ಲಂತೆ, ಲಕ್ಷುರಿ ಅಂತೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲವಂತೆ. ಫೋನಿನಲ್ಲಿ ಫೋಟೊ ತೆರೆದು ಎಲ್ಲರ ಮೂಗಿಗೂ ಹಿಡಿಯುತ್ತಿದ್ದ.

"ಮೂಗಿಗಿಂತ ಮೂಗುತಿ ಭಾರ ಅಂತ ಕೇಳಿದ್ದೆ. ಈಗ ಕನ್ನಡಕದ ಸರದಿಯಾ?" ಎಂದಳು ಪದ್ದಿ.

"ಭಾರ ಗೀರ ಎಲ್ಲ ಸುಮ್ನೆ ಹೆದರಿಸುವ ಮಾತು. ಟೈಟಾನಿಯಂ ಹಾಕಿಕೊಂಡು ಹಗುರ ಹಗುರ ಅಂತ ಕುಣಿಯುತ್ತೀರಲ್ಲ, ಅಷ್ಟೇ ಗಾತ್ರದ ಸ್ಲೇಟು ಕಲ್ಲು ಅದಕ್ಕಿಂತ ಹಗುರ, ಗೊತ್ತಾ?"

ಗುಂಡ ನನ್ನ ಮುಖ ನೋಡಿದ. ನಾನು ಹೌದು ಅನ್ನಲೇಬೇಕಾಯಿತು. ಒಂದು ಘನ ಸೆಂಟಿಮೀಟರ್ ಟೈಟಾನಿಯಂ 4.5 ಗ್ರಾಂ ತೂಗಿದರೆ, ಸ್ಲೇಟು ಸುಮಾರು 2.7 ಗ್ರಾಂ. (ಮಾಮೂಲಿ ಫ್ರೇಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ ಸುಮಾರು 1.3. ಅದನ್ನು ಮಾತ್ರ ಸೀನ ಜಾಣತನದಿಂದ ನುಂಗಿಬಿಟ್ಟಿದ್ದ.) ಆದರೆ ಟೈಟಾನಿಯಂ ತಂತಿಯಷ್ಟು ತೆಳ್ಳಗಿದ್ದರೂ ಸಾಕು, ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಕಲ್ಲಿಗೆ ಆ ಬುದ್ಧಿ ಇಲ್ಲ. ಮೇಲೆ ಎಷ್ಟು ಹೇರಿದರೂ ತಡೆದುಕೊಳ್ಳುತ್ತದೆ, ಬಗ್ಗಿಸಲು ಹೋದರೆ ಟಕ್ ಅಂತ ಕೈಗೆ ಬರುತ್ತದೆ. ನಾವೋ ಕನ್ನಡಕವನ್ನು ಒಂದೇ ಕೈಯಲ್ಲಿ ಎಳೆದು ತೆಗೆಯುವವರು, ತಲೆ ಮೇಲೆ ಏರಿಸುವವರು, ಕೊನೆಗೆ ಅದರ ಮೇಲೇ ಕೂರುವವರು.

"ಹಾಗಾದರೆ ಶಿಲ್ಪಿಯನ್ನು ಕೂರಿಸಿ ಉಳಿಯಲ್ಲಿ ಕೆತ್ತಿಸುತ್ತಾರಾ?" ಗುಂಡನ ಪ್ರಶ್ನೆ.

ಇಲ್ಲ. ಇಲ್ಲೇ ಇರುವುದು ಮಜಾ. ಸ್ಲೇಟು ಪದರ ಪದರವಾಗಿ ಬಿಡಿಸಿಕೊಳ್ಳುವ ಕಲ್ಲು. ಚಪ್ಪಡಿಯ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಹಾಸಿ, ರಾಳದ ಅಂಟು ಬಳಿದು, ಗಟ್ಟಿಯಾಗಲು ಬಿಡುತ್ತಾರೆ. ಆಮೇಲೆ ಗಾಯದ ಪಟ್ಟಿ ಕಿತ್ತ ಹಾಗೆ ಕಿತ್ತರೆ, ಬಟ್ಟೆಯ ಜೊತೆ ಕಲ್ಲಿನ ಒಂದು ತೆಳು ಪದರವೂ ಎದ್ದು ಬರುತ್ತದೆ. ಒಂದೆರಡು ಮಿಲಿಮೀಟರ್, ಕೆಲವೊಮ್ಮೆ ಅದಕ್ಕಿಂತಲೂ ತೆಳು. ಆ ಹಾಳೆಯನ್ನು ಮರಕ್ಕೋ ಲೋಹಕ್ಕೋ ಅಂಟಿಸಿ, ಯಂತ್ರದಲ್ಲಿ ಆಕಾರಕ್ಕೆ ಕತ್ತರಿಸಿ, ಅಂಚನ್ನು ಕೈಯಲ್ಲೇ ಉಜ್ಜುತ್ತಾರೆ. ಉಜ್ಜುವವರ ಕೈ ಒಂದಿಷ್ಟು ಜೋರಾಯಿತೋ, ಕಲ್ಲು ಸವೆದು ಒಳಗಿನ ಮರ ಇಣುಕುತ್ತದೆ, ಅಲ್ಲಿಗೆ ಆ ತುಂಡು ಕಸ. ಎರಡೂ ಕಡ್ಡಿಗಳನ್ನು ಒಂದೇ ಹಾಳೆಯ ಅಕ್ಕಪಕ್ಕದಿಂದ ಕತ್ತರಿಸದಿದ್ದರೆ ಎಡಗಿವಿ ಬೂದು, ಬಲಗಿವಿ ತುಕ್ಕು ಬಣ್ಣ. ಬೆವರು ಕಲ್ಲಿನೊಳಗೆ ಇಳಿಯದಿರಲಿ ಅಂತ ಮೇಲೊಂದು ಲೇಪ ಬೇರೆ.

ಗ್ರಾನೈಟ್ ಹೀಗೆ ಏಳುವುದಿಲ್ಲ. ಅದಕ್ಕೆ ಪದರವೇ ಇಲ್ಲ.

"ನಿಮ್ಮದೆಲ್ಲ ಬಡವರ ಲಕ್ಷುರಿ ಬಿಡಿ," ಎಂದ ಗುಂಡ. "ಮೊಘಲರ ಕಾಲದ ಎರಡು ಕನ್ನಡಕಗಳನ್ನು ಸೋದೆಬೀಸ್‌ನವರು 2021ರಲ್ಲಿ ಹರಾಜಿಗೆ ಇಟ್ಟಿದ್ದರು. ಅದರಲ್ಲಿ ಫ್ರೇಮ್ ಅಲ್ಲ, ಲೆನ್ಸೇ ಕಲ್ಲು. ಒಂದಕ್ಕೆ ವಜ್ರ, ಇನ್ನೊಂದಕ್ಕೆ ಪಚ್ಚೆ. ಒಂದೊಂದಕ್ಕೂ 15ರಿಂದ 25 ಲಕ್ಷ ಪೌಂಡ್ ಬರಬಹುದು ಅಂತ ಅಂದಾಜು."

"ವಜ್ರದಲ್ಲಿ ನೋಡಿದರೆ ನಂಬರ್ ಸರಿಹೋಗುತ್ತಾ?"

"ಅದು ದೃಷ್ಟಿ ಸರಿಮಾಡಲು ಅಲ್ಲವಂತೆ, ದೃಷ್ಟಿ ತಾಗದಿರಲು."

"ಸೀನನಿಗೆ ಅದೇ ಸರಿ. ಇವನಿಗೂ ನಂಬರ್ ಇಲ್ಲ," ಎಂದಳು ಪದ್ದಿ.

ಸೀನ ಕೇಳಿಸದವನ ಹಾಗೆ ಫೋಟೊ ದೊಡ್ಡದು ಮಾಡಿದ. ಆಗ ನನಗೆ ಕಂಡಿದ್ದು ಕಡ್ಡಿಯ ತುದಿ. ಕಿವಿ ಹಿಂದೆ ಬಾಗುವ ಜಾಗದಲ್ಲಿ ಕಲ್ಲೇ ಇರಲಿಲ್ಲ, ಕಪ್ಪು ಅಸಿಟೇಟ್ ಇತ್ತು. ಇರಲೇಬೇಕು. ಕನ್ನಡಕದ ಅಂಗಡಿಯವರು ತುದಿಯನ್ನು ಬಿಸಿ ಮಾಡಿ ತಾನೇ ನಮ್ಮ ಕಿವಿಗೆ ತಕ್ಕ ಹಾಗೆ ಬಗ್ಗಿಸುವುದು? ಕಲ್ಲನ್ನು ಎಷ್ಟು ಬಿಸಿ ಮಾಡಿದರೂ ಅದು ಯಾರ ಕಿವಿಗೂ ಬಗ್ಗುವುದಿಲ್ಲ. ಕೀಲಿನ ತಿರುಪು ಕೂಡ ಕಚ್ಚುವುದು ಒಳಗಿನ ಮರವನ್ನೋ ಲೋಹವನ್ನೋ.

"ಅಂದರೆ ಹಿಡಿದುಕೊಳ್ಳೋದು ಲೋಹ, ಬಗ್ಗೋದು ಪ್ಲಾಸ್ಟಿಕ್," ಸೀನ ಲೆಕ್ಕ ಹಾಕಿದ. "ಕಲ್ಲು ಬರೀ ಮೇಲಿನ ಚರ್ಮ. ಹಾಗಾದರೆ ನಾನು ಅಷ್ಟೊಂದು ದುಡ್ಡು ಕೊಡೋದು ಯಾವ ಕಲ್ಲಿಗೆ?"

"ತೆಗೆದು ಬಿಸಾಕಿದ ಕಲ್ಲಿಗೆ," ಎಂದಳು ಪದ್ದಿ.