ಓದುಗರ ಸ್ಪಂದನ: ತೂಕ ಮತ್ತೆ ಏರಿದೆ, ಇನ್ನೊಂದು ಆಪರೇಷನ್ ಬೇಕಾ?

ಸ್ಲೀವ್ ಆಪರೇಷನ್‌ನಿಂದ (ಜಠರದ ಬಹುಭಾಗ ಕತ್ತರಿಸಿ ತೆಗೆದು ಕೊಳವೆಯಷ್ಟು ಉಳಿಸುವುದು) ಇಳಿದ ತೂಕ ಮತ್ತೆ ಏರಿದೆ, ಈಗ ಬೈಪಾಸ್ (ಹೃದಯದ್ದಲ್ಲ, ಜಠರವನ್ನು ಪುಟ್ಟ ಚೀಲ ಮಾಡಿ ಸಣ್ಣ ಕರುಳಿಗೆ ಜೋಡಿಸುವುದು) ಮಾಡಿಸಿದರೆ ಫಲ ಸಿಗುತ್ತದಾ ಎಂದು ಓದುಗರೊಬ್ಬರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

*

ನಿಮ್ಮ ಪತ್ರ ಓದಿ ನಿದ್ದೆ ಬರಲಿಲ್ಲ. ನನ್ನದೂ ಇದೇ ಕಥೆ. ಸ್ಲೀವ್ ಆದಮೇಲೆ ತೂಕ ಚೆನ್ನಾಗಿಯೇ ಇಳಿದಿತ್ತು. ಆಮೇಲೆ ಮೆಲ್ಲಗೆ ಏರತೊಡಗಿತು. ಜೊತೆಗೆ ಎದೆಯುರಿ. ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ದಿಂಬಿನ ಮೇಲೆ ದಿಂಬು ಇಟ್ಟು, ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದೆ. ಮನೆಯವರು ‘ಬಾಯಿ ಕಟ್ಟಲಿಲ್ಲ, ಅದಕ್ಕೇ ಹೀಗೆ’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕೊನೆಗೆ ಎಂಡೋಸ್ಕೋಪಿ ಆಯಿತು, ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಸ್ಲೀವ್, ಅಂದರೆ ಉಳಿಸಿದ ಜಠರ, ಹಿಗ್ಗಿತ್ತು; ಹಯಾಟಸ್ ಹರ್ನಿಯಾವೂ (ಜಠರದ ಮೇಲ್ಭಾಗ ಎದೆಯೊಳಗೆ ನುಸುಳುವುದು) ಇತ್ತು. ಹರ್ನಿಯಾ ಸರಿಪಡಿಸಿ ಬೈಪಾಸ್ ಮಾಡಿದರು. ಎದೆಯುರಿ ಹೋಯಿತು. ತೂಕವೂ ಇಳಿಯಿತು, ಆದರೆ ಮೊದಲ ಸಲದಷ್ಟಲ್ಲ. ಸರ್ಜನ್ ಮುಂಚೆಯೇ ಹೇಳಿದ್ದರು: ಎರಡನೇ ಸಲ ಇಳಿಯುವುದು ಸಾಮಾನ್ಯವಾಗಿ ಕಮ್ಮಿ, ಹೊಲಿಗೆಯಲ್ಲಿ ಸೋರಿಕೆಯಂಥ ಅಪಾಯ ಜಾಸ್ತಿ. ಒಳಗೆಲ್ಲ ಹಳೇ ಗಾಯದ ಅಂಟು ಇರುತ್ತದಲ್ವಾ. ನನಗೆ ಸರಿಪಡಿಸಬಹುದಾದ ಕಾರಣ ಸಿಕ್ಕಿತು. ನಿಮ್ಮದು ಏನೆಂದು ಮೊದಲು ನೋಡಿಸಿ.

*

ಕಾರಣ ಹುಡುಕಿ ಎಂಬ ಮಾತು ಇನ್ನೂ ಹಲವರದು. ಮುಂದಿನ ಓದುಗರದು ಬೇರೆ ದನಿ.

*

ಆಪರೇಷನ್ ಮೇಲೆ ಆಪರೇಷನ್ ಯಾಕೆ? ನಾಲಿಗೆ ಹಿಡಿತದಲ್ಲಿರಲಿ, ಸಾಕು.

*

ಇದರ ಜೊತೆಗೇ ಡಯಟೀಷಿಯನ್ ಒಬ್ಬರ ಪತ್ರವನ್ನೂ ಓದಿ.

*

ತೂಕ ಇಳಿದಾಗ ದೇಹವೇ ಹಸಿವು ಹೆಚ್ಚಿಸುತ್ತದೆ, ಕ್ಯಾಲೊರಿ ಖರ್ಚು ಕಡಿಮೆ ಮಾಡುತ್ತದೆ. ಇದನ್ನು ಸೋಮಾರಿತನ ಅನ್ನಬೇಡಿ. ಆದರೂ ಕೇಳಲೇಬೇಕು: ದಿನವಿಡೀ ಚೂರುಚೂರು ಬಾಯಾಡಿಸುತ್ತೀರಾ? ತಿನ್ನಲು ಕೂತರೆ ನಿಲ್ಲಿಸಲು ಆಗುವುದಿಲ್ಲವಾ? ಹೌದಾದರೆ ಬೈಪಾಸ್ ಆದಮೇಲೂ ಅದು ಬಿಡುವುದಿಲ್ಲ, ಕೌನ್ಸೆಲಿಂಗ್ ಮೊದಲು ಆಗಲಿ. ಸ್ಟೀರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ತೆಗೆದುಕೊಳ್ಳುವ ಮದ್ದೆಲ್ಲ ಡಾಕ್ಟರಿಗೆ ತೋರಿಸಿ. ಹಸಿವು ತಗ್ಗಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ಬಗ್ಗೆಯೂ ಕೇಳಿ. ಎದೆಯುರಿ ಇಲ್ಲದೆ ಬರೀ ತೂಕ ಏರಿದವರಲ್ಲಿ ಕೆಲವರಿಗೆ ಅಷ್ಟೇ ಸಾಕಾಗುತ್ತದೆ.

*

ಕೊನೆಯ ಪತ್ರ ತೂಕದ ಬಗ್ಗೆ ಅಲ್ಲ. ಆದರೂ ಬಿಡುವಂತಿರಲಿಲ್ಲ.

*

ಬೈಪಾಸ್ ಆದಮೇಲೆ ನನ್ನ ಹೆಂಡತಿ ‘ಆರಾಮಾಗಿದ್ದೀನಿ’ ಅಂತ ವಿಟಮಿನ್ ಬಿ12 ತೆಗೆದುಕೊಳ್ಳುವುದನ್ನು ನಿಲ್ಲಿಸಿಬಿಟ್ಟಳು. ಫಾಲೋಅಪ್‌ಗೂ ಹೋಗಲಿಲ್ಲ. ಮುಂದೆ ಪಾದ ಜೋಮು ಹಿಡಿದು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು. ರಕ್ತಪರೀಕ್ಷೆಯೂ ತಪ್ಪಬಾರದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಆಪರೇಷನ್‌ಗೆ ಹೂಂ ಅನ್ನಿ.