ಡಾರ್ಟ್‌ಮೂರ್ ಬಯಲಿನ ಕಲ್ಲುಗುಪ್ಪೆ: ನಡುವೆ ಗುಳಿ ಏಕೆ?

ಜೇವರ್ಗಿಯವಳು:
ಇಂಗ್ಲೆಂಡಿನ ಎಕ್ಸೆಟರ್‌ಗೆ ಬಂದ ಮೇಲೆ ಮೊದಲ ಸಲ ಹತ್ತಿರದ ಡಾರ್ಟ್‌ಮೂರ್ ಹತ್ತಿದೆ. ಪ್ಲಿಮ್ ನದಿಯ ಮೇಲ್ಭಾಗದ ಡ್ರಿಜಲ್‌ಕೂಂಬ್‌ನಲ್ಲಿ ಸಾಲುಗಲ್ಲುಗಳ ಪಕ್ಕ ದೊಡ್ಡದೊಂದು ಕಲ್ಲುಗುಪ್ಪೆ ಇದೆ. ನಕ್ಷೆಯಲ್ಲಿ ‘ಜೈಂಟ್ಸ್ ಬೇಸಿನ್’ ಎಂದಿದೆ. ನಡುವೆ ಬಾಣಲೆಯಂತೆ ತಗ್ಗು. ಕಟ್ಟಿದವರೇ ಹಾಗೆ ಬಿಟ್ಟರೇ? ಇದು ಸಮಾಧಿಯೋ, ಹೊಲ ಹಸನು ಮಾಡಿ ಒಟ್ಟಿದ ಕಲ್ಲೋ? ಇಂಥವುಗಳಲ್ಲಿ ಎಲುಬು ಸಿಗುತ್ತದೆಯೇ? ಜೊತೆಗಿದ್ದವರು ಹೋದ ನೆನಪಿಗೆಂದು ಮೇಲೊಂದು ಕಲ್ಲಿಟ್ಟು ಬಂದರು.

ಪ್ಲಿಮತ್ ರಾಯರು:
ಸಮಾಧಿಯೇ ತಾಯಿ, ಅನುಮಾನ ಬೇಡ. ಅಲ್ಲಿನ ಮೂರು ಸಾಲುಗಳನ್ನು ಗಮನಿಸಿದಿರಾ? ಒಂದೊಂದೂ ಒಂದು ಚಿಕ್ಕ ಗುಪ್ಪೆಯಿಂದ ಹೊರಟು ಒಂದು ನಿಲುಗಲ್ಲಿಗೆ ಮುಗಿಯುತ್ತದೆ. ಅತಿ ಎತ್ತರದ ನಿಲುಗಲ್ಲು 4 ಮೀಟರ್ ದಾಟುತ್ತದೆ. ಹೊಲ ಹಸನು ಮಾಡಲು ಯಾರೂ ಇಷ್ಟು ಬೆವರು ಸುರಿಸುವುದಿಲ್ಲ.

ಗುಳಿ ನಿಧಿಗಳ್ಳರ ಕೈಚಳಕ. ಇಂಥ ಎಷ್ಟೋ ಗುಪ್ಪೆಗಳ ಹೊಟ್ಟೆಯಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಮುಚ್ಚಿದ ಪೆಟ್ಟಿಗೆ ಇರುತ್ತಿತ್ತು. ಪ್ರಿನ್ಸ್‌ಟೌನ್ ಬಳಿಯ ಒಂದು ಪೆಟ್ಟಿಗೆಗೆ ಇಂದಿಗೂ ‘ಚಿನ್ನದ ಕೊಡ’ ಎಂದೇ ಹೆಸರು. ಜನರ ಆಸೆ ಎಷ್ಟಿತ್ತೆಂದು ಲೆಕ್ಕ ಹಾಕಿಕೊಳ್ಳಿ. ಕಳ್ಳರು ಬಿಟ್ಟದ್ದನ್ನು ಮಣ್ಣು ತಿಂದಿತು: ಇಲ್ಲಿಯ ಮಣ್ಣಿನ ಆಮ್ಲಕ್ಕೆ ಸುಡದ ಎಲುಬು ಕರಗಿಹೋಗುತ್ತದೆ.

ಒಂದು ಪೆಟ್ಟಿಗೆ ಮಾತ್ರ ಉಳಿಯಿತು, ಡಾರ್ಟ್‌ಮೂರ್‌ನದೇ ವೈಟ್‌ಹಾರ್ಸ್ ಹಿಲ್ ಎಂಬ ಗುಡ್ಡದ್ದು. 2011ರಲ್ಲಿ ಅಗೆದರು. ನೀರು ಹೀರಿ ನಿಂತ ಕಪ್ಪು ಜೌಗುಮಣ್ಣಿನೊಳಗೆ ಗಾಳಿಯಾಡದ ಕಾರಣ, ಸುಮಾರು 3,700 ವರ್ಷ ಹಿಂದಿನ ಸರಕು ಕೊಳೆತಿರಲಿಲ್ಲ. ಸುಟ್ಟ ಎಲುಬು ಹರೆಯದ ಒಬ್ಬರದು. ಅದನ್ನು ಕರಡಿಯ ಚರ್ಮದಲ್ಲಿ ಸುತ್ತಿಟ್ಟಿದ್ದರು. ಪಕ್ಕದಲ್ಲಿ ಮರದ ನಾರಿನಲ್ಲಿ ಹೆಣೆದ ಪುಟ್ಟ ಬುಟ್ಟಿ, ಅದರಲ್ಲಿ ಮಣಿಗಳು. ಹಸುವಿನ ಕೂದಲನ್ನು ಹೆಣೆದು ತವರದ ಮಣಿ ಕೂರಿಸಿದ ಕೈಕಡಗ. ಕಿವಿಗೆ ಹಾಕುವಂಥ ಮರದ ಬಿಲ್ಲೆಗಳೂ ಇದ್ದವು. 2014ರಲ್ಲಿ ಇಲ್ಲಿಯ ವಸ್ತುಸಂಗ್ರಹಾಲಯ ಇವನ್ನೆಲ್ಲ ಪ್ರದರ್ಶನಕ್ಕಿಟ್ಟಾಗ ನಾನು ಆ ಕಡಗದ ಮುಂದಿನಿಂದ ಕದಲಲೇ ಇಲ್ಲ. ಹಿಂದಿನ ಸಾಲಿನವರು ಗೊಣಗಿದರು.

ಜೊತೆಗಾರರಿಗೆ ಹೇಳಿ, ಕಲ್ಲು ಇಡುವುದೂ ಬೇಡ, ಎತ್ತುವುದೂ ಬೇಡ. ಅದು ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕ. ಮೇಲಿಡಲು ಸಿಗುವ ಕಲ್ಲೂ ಬಹುಪಾಲು ಆ ಗುಪ್ಪೆಯದೇ ಆಗಿರುತ್ತದೆ!

ಕಲಬುರಗಿ ಮೇಷ್ಟ್ರು:
ಜೇವರ್ಗಿಯವರೆಂದಿರಿ, ಹಾಗಾಗಿ ಒಂದು ಮಾತು. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ನಿಮ್ಮೂರ ಬಳಿಯ ಇಂಥವೇ ಗುಪ್ಪೆಗಳನ್ನು ಅಗೆಸಿ, 1850ರ ದಶಕದಲ್ಲಿ ಅವುಗಳ ಬಗ್ಗೆ ಬರೆದಿದ್ದ. ಬ್ರಿಟನ್ನಿನ ಕಲ್ಲುಸಮಾಧಿಗಳಿಗೂ ಇವಕ್ಕೂ ನಂಟಿದೆ ಎಂದು ಅವನು ನಂಬಿದ್ದ.

ಪ್ಲಿಮತ್ ರಾಯರು:
ಆ ನಂಟು ನಿಲ್ಲಲಿಲ್ಲ ಮೇಷ್ಟ್ರೇ. ಇಲ್ಲಿಯವು ಕಂಚಿನ ಯುಗದವು. ನಮ್ಮ ಕಡೆಯವು ಕಬ್ಬಿಣದ ಕಾಲದವು, ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ. 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗಲೂ ಬಂದದ್ದು ಇವೇ. ಆದರೂ ಟೇಲರ್ ಅಗೆದದ್ದನ್ನು ಅಳೆದು, ಚಿತ್ರ ಬರೆದಿಟ್ಟ. ಅಷ್ಟಕ್ಕಾದರೂ ಕೈಮುಗಿಯಬೇಕು.

ಜೇವರ್ಗಿಯವಳು:
ಊರಲ್ಲಿದ್ದಾಗ ಒಂದನ್ನೂ ನೋಡಲಿಲ್ಲ ನಾನು! ರಾಯರೇ, ವೈಟ್‌ಹಾರ್ಸ್ ಹಿಲ್‌ಗೆ ಹೋಗಬಹುದೇ?

ಪ್ಲಿಮತ್ ರಾಯರು:
ಹೋಗಬಹುದು, ಆದರೆ ಅದು ಸೇನೆಯ ಗುಂಡಿನ ಅಭ್ಯಾಸದ ವಲಯ. ಹೊರಡುವ ಮುನ್ನ ಅಭ್ಯಾಸದ ದಿನಗಳ ಪಟ್ಟಿ ನೋಡಿ, ಕೆಂಪು ಬಾವುಟ ಕಂಡರೆ ಹಿಂದಿರುಗಿ. ಮೊಣಕಾಲುದ್ದದ ಬೂಟು ಇರಲಿ.